ಹಿಮ ಇದ್ದರೂ ಬಾಗಿಲು ಹಾಕುವ ಬೆಟ್ಟಗಳು

2023ರ ಏಪ್ರಿಲ್ 3ರಂದು ಕ್ಯಾಲಿಫೋರ್ನಿಯದ ಲೇಕ್ ತಾಹೋ ಬಳಿಯ ಫಿಲಿಪ್ಸ್ ಸ್ಟೇಷನ್‌ನಲ್ಲಿ ರಾಜ್ಯದ ಜಲಸಂಪನ್ಮೂಲ ಇಲಾಖೆಯವರು ಅಳತೆಯ ಕೊಳವೆಯನ್ನು ಹಿಮದೊಳಗೆ ಇಳಿಸಿದರು. ಸಿಕ್ಕ ಲೆಕ್ಕ 126.5 ಇಂಚು, ಅಂದರೆ ಹತ್ತೂವರೆ ಅಡಿ. ಕರಗಿಸಿದರೆ 54 ಇಂಚು ನೀರು. ಎಂಟು ವರ್ಷದ ಹಿಂದೆ, 2015ರ ಏಪ್ರಿಲ್ 1ರಂದು, ಇದೇ ಜಾಗದಲ್ಲಿ ಗವರ್ನರ್ ಜೆರ್ರಿ ಬ್ರೌನ್ ಒಣಹುಲ್ಲಿನ ಮೇಲೆ ನಿಂತು ನೀರಿನ ಬಳಕೆ ಕಡಿತಗೊಳಿಸುವ ಆದೇಶ ಹೊರಡಿಸಿದ್ದರು.

ಅಳತೆಗೆ ಏಪ್ರಿಲ್ ಆರಂಭವನ್ನೇ ಹಿಡಿಯುವುದಕ್ಕೆ ಕಾರಣವಿದೆ. ಸಿಯೆರಾ ನೆವಾಡ ಬೆಟ್ಟಸಾಲಿನಲ್ಲಿ ಹಿಮದ ರಾಶಿ ಸಾಮಾನ್ಯವಾಗಿ ಆ ಹೊತ್ತಿಗೆ ತುತ್ತತುದಿ ಮುಟ್ಟಿರುತ್ತದೆ. ಆಮೇಲೆ ಬೀಳುವುದಕ್ಕಿಂತ ಕರಗುವುದೇ ಹೆಚ್ಚು. ಕೊಲೊರಾಡೊದ ಎತ್ತರದ ಬೆಟ್ಟಗಳಲ್ಲೂ ಏಪ್ರಿಲ್‌ನ ಮೊದಲ ಹದಿನೈದು ದಿನಗಳೇ ಹಿಮದ ಭರತದ ಕಾಲ. ಅಮೆರಿಕದ ಪಶ್ಚಿಮ ಭಾಗದ ಬಹುಪಾಲು ಸ್ಕೀ ರೆಸಾರ್ಟ್‌ಗಳು ‘ಈ ಹಂಗಾಮಿಗೆ ಇಷ್ಟೇ’ ಎಂದು ಲಿಫ್ಟ್ ನಿಲ್ಲಿಸುವುದೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ. ಬೆಟ್ಟದ ಮೇಲೆ ಹತ್ತು ಅಡಿ ಹಿಮ, ಕೆಳಗೆ ಬೀಗ. ದುಡ್ಡು ಕೊಟ್ಟು ಪಾಸ್ ತೆಗೆದುಕೊಂಡವರಿಗೆ ಪ್ರತಿ ವಸಂತದಲ್ಲೂ ಹೊಟ್ಟೆ ಉರಿಯುವುದು ಸಹಜ.

ಹಿಮವೇ ದಿನಾಂಕ ನಿರ್ಧರಿಸುವುದಾದರೆ ಅಕ್ಕಪಕ್ಕದ ಎರಡು ರೆಸಾರ್ಟ್‌ಗಳು ಒಂದೇ ದಿನ ಮುಚ್ಚಬೇಕು. ಯೂಟಾದ ಲಿಟಲ್ ಕಾಟನ್‌ವುಡ್ ಕಣಿವೆಯಲ್ಲಿ ಆಲ್ಟಾ ಮತ್ತು ಸ್ನೋಬರ್ಡ್ ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ. ಕವಿಯುವ ಮೋಡ ಒಂದೇ, ಗಾಳಿ ಒಂದೇ. 2022-23ರ ಹಂಗಾಮಿನಲ್ಲಿ ಆಲ್ಟಾದಲ್ಲಿ ದಾಖಲೆಯ 903 ಇಂಚು, ಅಂದರೆ 75 ಅಡಿ ಹಿಮ ಸುರಿಯಿತು. ಆದರೂ ಆಲ್ಟಾ ತನ್ನ ವಾಡಿಕೆಯಂತೆ ಏಪ್ರಿಲ್ ಕೊನೆಯ ಸುಮಾರಿಗೆ ಹಂಗಾಮು ಮುಗಿಸಿತು. ಪಕ್ಕದ ಸ್ನೋಬರ್ಡ್ ಜೂನ್ ತಿಂಗಳಲ್ಲೂ ಜನರನ್ನು ಮೇಲಕ್ಕೆ ಒಯ್ಯುತ್ತಿತ್ತು. ಸ್ನೋಬರ್ಡ್‌ನಲ್ಲಿ ಬೇಸಿಗೆಯಲ್ಲೂ ಓಡುವ ದೊಡ್ಡ ರೋಪ್‌ವೇ ಇದೆ, ವರ್ಷವಿಡೀ ನಡೆಯುವ ಹೋಟೆಲ್ ಇದೆ. ಆಲ್ಟಾದ ಹಳೆಯ ಲಾಡ್ಜ್‌ಗಳು ಚಳಿಗಾಲವನ್ನೇ ನಂಬಿಕೊಂಡವು. ದಿನಾಂಕದ ಗುಟ್ಟು ಆಕಾಶಕ್ಕಿಂತ ಹೆಚ್ಚಾಗಿ ತಳದ ಕಟ್ಟಡಗಳಲ್ಲಿದೆ ಎಂಬ ಗುಮಾನಿ ಇಲ್ಲಿಂದಲೇ ಶುರುವಾಗುತ್ತದೆ.

ಲಿಫ್ಟಿನ ಸಾಲಿನಲ್ಲಿ ನಿಂತವರನ್ನು ಕೇಳಿದರೆ ಅಮೆರಿಕದಲ್ಲಿ ಬರುವ ಮೊದಲ ಉತ್ತರ: ಅರಣ್ಯ ಇಲಾಖೆ. ಇದರಲ್ಲಿ ಅರ್ಧ ಸತ್ಯವಿದೆ. ಅಲ್ಲಿನ ನೂರಿಪ್ಪತ್ತಕ್ಕೂ ಹೆಚ್ಚು ಸ್ಕೀ ತಾಣಗಳು ಇರುವುದು ರಾಷ್ಟ್ರೀಯ ಅರಣ್ಯದ ನೆಲದ ಮೇಲೆ. 1986ರ ಕಾಯ್ದೆಯ ಪ್ರಕಾರ ಅವಕ್ಕೆ ನಲವತ್ತು ವರ್ಷದವರೆಗಿನ ಪರವಾನಗಿ ಸಿಗುತ್ತದೆ, ಮತ್ತು ಪ್ರತಿ ಚಳಿಗಾಲದ ಕಾರ್ಯಯೋಜನೆಗೆ ಈ ಇಲಾಖೆಯ, ಅಂದರೆ ಅರಣ್ಯ ಸೇವೆಯ, ಒಪ್ಪಿಗೆ ಬೇಕು. ಕೆಲವು ಕಡೆ ವನ್ಯಜೀವಿಯ ಕಾರಣ ನಿಜವಾಗಿಯೂ ಗಟ್ಟಿಯಾದದ್ದು. ಕೊಲೊರಾಡೊದ ವೇಲ್ ರೆಸಾರ್ಟಿನ ಹಿಂಬದಿಯ ಕಣಿವೆಗಳಲ್ಲಿ ಎಲ್ಕ್ ಜಿಂಕೆಗಳು ಮರಿ ಹಾಕುತ್ತವೆ. ಅಲ್ಲಿನ ಟೂ ಎಲ್ಕ್ ಎಂಬ ಕಾಲುದಾರಿಯನ್ನು ಮೇ ಮೊದಲ ವಾರದಿಂದ ಜೂನ್ ಕೊನೆಯವರೆಗೆ ಪಾದಚಾರಿಗಳಿಗೂ ಮುಚ್ಚುತ್ತಾರೆ. ಗಬ್ಬದ ಹೆಣ್ಣುಜಿಂಕೆ ಚಳಿಗಾಲ ಕಳೆದು ಮೂಳೆ ಚಕ್ಕಳವಾಗಿರುವ ಹೊತ್ತಿನಲ್ಲಿ ಜನ ಬಂದು ಓಡಿಸಿದರೆ ಮರಿ ಉಳಿಯುವ ಸಂಭವ ಕಡಿಮೆ.

ಆದರೆ ಈ ಕಾರಣವನ್ನು ಎಲ್ಲ ಬೆಟ್ಟಕ್ಕೂ ಹಚ್ಚಲಾಗದು. ಅರಣ್ಯ ಸೇವೆಗೆ ಸಲ್ಲುವ ಶುಲ್ಕ ರೆಸಾರ್ಟಿನ ಆದಾಯದ ಮೇಲೆ ಲೆಕ್ಕ ಹಾಕಿದ್ದು, ಒಂದೂವರೆಯಿಂದ ನಾಲ್ಕು ಶೇಕಡದವರೆಗೆ. ರೆಸಾರ್ಟ್ ಹೆಚ್ಚು ದಿನ ನಡೆದು ಹೆಚ್ಚು ಗಳಿಸಿದರೆ ಇಲಾಖೆಗೇನೂ ನಷ್ಟವಿಲ್ಲ. ಹಿಮ ಚೆನ್ನಾಗಿದ್ದ ವರ್ಷ ಹಂಗಾಮು ವಿಸ್ತರಿಸಿದ ರೆಸಾರ್ಟ್‌ಗಳು ಬೇಕಾದಷ್ಟಿವೆ, ಅವುಗಳಲ್ಲಿ ಹಲವು ಇರುವುದು ಇದೇ ಅರಣ್ಯದ ನೆಲದಲ್ಲಿ. ಹೀಗಾಗಿ ‘ಇಲಾಖೆಯವರು ಬಿಡುವುದಿಲ್ಲ’ ಎನ್ನುವುದು ಬಹಳ ಸಲ ಯಾರಿಗೂ ನೋವಾಗದ ಸಮಜಾಯಿಷಿ ಎಂದೇ ನನ್ನ ಅಭಿಪ್ರಾಯ. ಗಿರಾಕಿಗೆ ಸಿಟ್ಟು ತೋರಿಸಲು ಒಂದು ಸರ್ಕಾರಿ ಮುಖ ಸಿಕ್ಕಿತು, ಕಂಪನಿ ತನ್ನ ಲೆಕ್ಕಪುಸ್ತಕ ತೆರೆದು ತೋರಿಸಬೇಕಾದ ಗೋಜು ತಪ್ಪಿತು.

ಆ ಲೆಕ್ಕಪುಸ್ತಕದ ಮೊದಲ ಪುಟದಲ್ಲಿ ಇರುವುದು ಜನರ ಮನಸ್ಸು. ನವೆಂಬರ್‌ನಲ್ಲಿ ಯಂತ್ರದಿಂದ ಉಗುಳಿಸಿದ ಹಿಮದ ಒಂದು ಕಿರಿದಾದ ಪಟ್ಟಿ, ಎರಡೂ ಕಡೆ ಕಲ್ಲು ಮಣ್ಣು. ಆದರೂ ಜನ ಬೆಳಕು ಹರಿಯುವ ಮುಂಚೆ ಬಂದು ಸಾಲು ನಿಲ್ಲುತ್ತಾರೆ. ಏಪ್ರಿಲ್‌ನಲ್ಲಿ ಇಡೀ ಬೆಟ್ಟ ತೆರೆದಿದ್ದರೂ ಮಂಗಳವಾರ ಲಿಫ್ಟಿನ ಕುರ್ಚಿಗಳು ಖಾಲಿ ಸುತ್ತುತ್ತವೆ. ಊರಲ್ಲಿ ಹೂ ಬಿಟ್ಟಿದೆ, ಸೈಕಲ್ಲು ಗ್ಯಾರೇಜಿನಿಂದ ಹೊರಬಂದಿದೆ, ಮಕ್ಕಳ ಪರೀಕ್ಷೆ ಹತ್ತಿರವಾಗಿದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ನಮ್ಮ ಕನ್ನಡ ಕುಟುಂಬಗಳನ್ನೇ ನೋಡಿ. ಡಿಸೆಂಬರ್ ರಜೆಯಲ್ಲೋ ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಾಂತ್ಯದಲ್ಲೋ ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ತೆವಳಿ ತಾಹೋಗೆ ಹೋಗುತ್ತಾರೆ. ಯುಗಾದಿ ಬಂತೆಂದರೆ ಮಾತೆಲ್ಲ ಕಡಲತೀರದ್ದು, ಯೊಸೆಮಿಟಿಯದ್ದು. ತಾಹೋದಲ್ಲಿ ಆಗ ಹಿಮ ಹೆಚ್ಚಿದೆ, ಟ್ರಾಫಿಕ್ ಕಡಿಮೆಯಿದೆ, ಬಿಸಿಲೂ ಹಿತವಾಗಿದೆ ಎಂದು ಹೇಳಿದರೆ ‘ಇನ್ನೂ ಇದೆಯಾ?’ ಎಂದು ಹುಬ್ಬೇರಿಸುವವರೇ ಹೆಚ್ಚು. ಬೆಟ್ಟದ ತುದಿಯ ಹಿಮಕ್ಕಿಂತ ಮನೆಯಂಗಳದ ಹವೆಯೇ ಜನರ ಮನಸ್ಸನ್ನು ಆಳುತ್ತದೆ.

ಯೂರೋಪಿನ ಆಲ್ಪ್ಸ್‌ನಲ್ಲಿ ಈ ಕೆಲಸವನ್ನು ಈಸ್ಟರ್ ಮಾಡುತ್ತದೆ. ಚಾಂದ್ರಮಾನದ ನೆರಳು ಬಿದ್ದ ಹಬ್ಬವಾದ್ದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 2008ರಲ್ಲಿ ಮಾರ್ಚ್ 23ಕ್ಕೆ ಬಂತು, 2011ರಲ್ಲಿ ಏಪ್ರಿಲ್ 24ಕ್ಕೆ. ಹಿಮಕ್ಕೆ ಈ ಪಂಚಾಂಗ ಗೊತ್ತಿಲ್ಲ, ಹೋಟೆಲಿನವರಿಗೆ ಚೆನ್ನಾಗಿ ಗೊತ್ತು. ಈಸ್ಟರ್ ಬೇಗ ಬಂದ ವರ್ಷ ಹಬ್ಬದ ಜನ ಇಳಿದುಹೋದ ಮೇಲೆ ಏಪ್ರಿಲ್ ಇಡೀ ಬಿಕೋ ಎನ್ನುತ್ತದೆ, ಮಧ್ಯಮ ಎತ್ತರದ ಹಳ್ಳಿಗಳು ಹಿಮ ಇದ್ದಹಾಗೇ ಹಂಗಾಮು ಮುಗಿಸುತ್ತವೆ. ಫ್ರಾನ್ಸಿನಲ್ಲಿ ಇದು ರಾಜಕೀಯದ ಪ್ರಶ್ನೆಯೂ ಹೌದು. ಶಾಲೆಗಳ ವಸಂತ ರಜೆ ಏಪ್ರಿಲ್ ಕೊನೆಗೆ ಜಾರಿದಷ್ಟೂ ಬೆಟ್ಟಕ್ಕೆ ಬರುವ ಕುಟುಂಬಗಳು ಕಡಿಮೆ, ಹಾಗಾಗಿ ರಜೆಯನ್ನು ಹಿಂದಕ್ಕೆ ತನ್ನಿ ಎಂದು ಪರ್ವತ ಪ್ರದೇಶದ ಜನಪ್ರತಿನಿಧಿಗಳು ಶಿಕ್ಷಣ ಸಚಿವರ ಬೆನ್ನು ಹತ್ತುತ್ತಲೇ ಬಂದಿದ್ದಾರೆ. ಹಿಮತಾಣ ನೆಚ್ಚಿಕೊಳ್ಳಬಹುದಾದ್ದೋ ಅಲ್ಲವೋ ಎಂದು ತೂಗಲು ಸ್ವಿಸ್ ಸಂಶೋಧಕರು ಬಳಸುವ ‘ನೂರು ದಿನದ ನಿಯಮ’ ಇದೆ: ಹತ್ತರಲ್ಲಿ ಏಳು ಚಳಿಗಾಲಗಳಲ್ಲಾದರೂ ನೂರು ದಿನ ಕನಿಷ್ಠ 30 ಸೆಂಟಿಮೀಟರ್ ಹಿಮ ಇರಬೇಕು. ಎಣಿಕೆ ಡಿಸೆಂಬರ್ 1ಕ್ಕೆ ಶುರುವಾಗಿ ಏಪ್ರಿಲ್ 15ಕ್ಕೆ ನಿಲ್ಲುತ್ತದೆ. ಆಮೇಲಿನ ಹಿಮ ವಿಜ್ಞಾನಿಯ ಲೆಕ್ಕಕ್ಕೂ ಬರುವುದಿಲ್ಲ.

ಚಳಿಗಾಲ ಜೂನ್‌ಗೆ ಬರುವ ಆಸ್ಟ್ರೇಲಿಯದಲ್ಲೂ ರಜೆಯದೇ ಆಳ್ವಿಕೆ: ಪೆರಿಷರ್, ಥ್ರೆಡ್ಬೊಗಳಲ್ಲಿ ಜೂನ್‌ನ ರಾಜನ ಹುಟ್ಟುಹಬ್ಬದ ವಾರಾಂತ್ಯಕ್ಕೆ ಹಂಗಾಮು ಶುರು, ಅಕ್ಟೋಬರ್‌ನ ಕಾರ್ಮಿಕ ದಿನದ ವಾರಾಂತ್ಯಕ್ಕೆ ಮುಕ್ತಾಯ. ಶುರುವಿನ ದಿನ ಹುಲ್ಲೇ ಕಾಣುತ್ತಿದ್ದರೂ ಉದ್ಘಾಟನೆ ಆಗಿಯೇ ತೀರುತ್ತದೆ. ಜಪಾನಿನಲ್ಲಿ ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ ಹಲವು ತಾಣಗಳಿಗೆ ಕೊನೆಯ ಗೆರೆ. ಎಲ್ಲಕ್ಕೂ ತದ್ವಿರುದ್ಧವಾದದ್ದು ಅದೇ ಜಪಾನಿನ ಯಾಮಾಗಾತ ಪ್ರಾಂತ್ಯದ ಗಸ್ಸಾನ್. ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮಕ್ಕೆ ರಸ್ತೆಯೂ ಲಿಫ್ಟೂ ಹೂತುಹೋಗುತ್ತವೆ, ಆದ್ದರಿಂದ ತಾಣ ತೆರೆಯುವುದೇ ಏಪ್ರಿಲ್‌ನಲ್ಲಿ, ನಡೆಯುವುದು ಜುಲೈವರೆಗೆ. ಬೇರೆಲ್ಲ ಕಡೆ ಮುಚ್ಚಿದ್ದರಿಂದಲೇ ಅದಕ್ಕೆ ಗಿರಾಕಿ.

ಇನ್ನು ದುಡ್ಡು. ಒಂದು ಬೆಟ್ಟವನ್ನು ಒಂದು ದಿನ ತೆರೆದಿಡಲು ಆಗುವ ಖರ್ಚಿಗೂ ಬಂದ ಜನರ ಸಂಖ್ಯೆಗೂ ಸಂಬಂಧ ಕಡಿಮೆ. ಪ್ರತಿ ಲಿಫ್ಟಿಗೆ ಕೆಳಗೊಬ್ಬ, ಮೇಲೊಬ್ಬ ಇರಲೇಬೇಕು. ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್‌ನವರು ಬೆಳಗಾಗುವ ಮುಂಚೆ ಬೆಟ್ಟ ಹತ್ತಿರಬೇಕು. ಹಿಂದಿನ ರಾತ್ರಿಯೇ ಸ್ನೋಕ್ಯಾಟ್ ಯಂತ್ರಗಳು ಡೀಸೆಲ್ ಸುಡುತ್ತ ಇಳಿಜಾರನ್ನು ಹದಮಾಡಿರಬೇಕು. ಪ್ರಥಮ ಚಿಕಿತ್ಸೆ, ಶೌಚಾಲಯ, ವಾಹನ ನಿಲುಗಡೆ, ಒಂದಾದರೂ ಕ್ಯಾಂಟೀನ್. ಸಾವಿರಾರು ಜನ ಬಂದರೂ ಇನ್ನೂರು ಜನ ಬಂದರೂ ಇಷ್ಟು ತಪ್ಪಿದ್ದಲ್ಲ. ‘ಮೇಲಿನ ಒಂದು ಲಿಫ್ಟನ್ನಾದರೂ ಓಡಿಸಬಾರದೇ’ ಎಂದು ಕೇಳುವವರು ಮರೆಯುವ ವಿಷಯ ಬೆಟ್ಟದ ರಚನೆ. ತುದಿಯ ಲಿಫ್ಟನ್ನು ಮುಟ್ಟಲು ಕೆಳಗಿನ ಎರಡು ಮೂರು ಲಿಫ್ಟ್ ಓಡಲೇಬೇಕು. ತಳದ ಇಳಿಜಾರಿನ ಹಿಮ ಹೋಗಿದ್ದರೆ ಸಂಜೆ ಎಲ್ಲರನ್ನೂ ಲಿಫ್ಟಿನಲ್ಲೇ ಕೂರಿಸಿ ಇಳಿಸಬೇಕು.

ಇದರ ಮೇಲೆ ಪಾಸುಗಳ ವ್ಯವಹಾರ ಬಂದು ಕೂತಿತು. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿ ತನ್ನ ಹಲವು ಬೆಟ್ಟಗಳಿಗೆ ಇಡೀ ಹಂಗಾಮು ಸಲ್ಲುವ ಎಪಿಕ್ ಪಾಸನ್ನು 579 ಡಾಲರಿಗೆ ಹೊರತಂದಿತು. 2018ರಲ್ಲಿ ಆಲ್ಟೆರಾ ಕಂಪನಿಯ ಐಕಾನ್ ಪಾಸ್ ಬಂತು. ವೇಲ್‌ನಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಕೊಳ್ಳುವ ಒಂದು ದಿನದ ಟಿಕೆಟ್ ಈಗ ದಟ್ಟಣೆಯ ದಿನಗಳಲ್ಲಿ 300 ಡಾಲರ್ ದಾಟುತ್ತದೆ, ಆದ್ದರಿಂದ ವರ್ಷಕ್ಕೆ ನಾಲ್ಕೈದು ದಿನ ಹೋಗುವವರೂ ಚಳಿಗಾಲಕ್ಕೆ ಮುಂಚೆಯೇ ಪಾಸ್ ಕೊಂಡಿರುತ್ತಾರೆ. ಕಂಪನಿಯ ಕಣ್ಣಿನಿಂದ ನೋಡಿ: ಹಿಮ ಬೀಳುವ ಮೊದಲೇ ದುಡ್ಡು ಕೈಸೇರಿದೆ. ಏಪ್ರಿಲ್ 20ರಂದು ಬಂದ ಪಾಸಿನವನಿಂದ ಒಂದು ಕಾಫಿಯ ದುಡ್ಡು ಬಂದರೆ ಹೆಚ್ಚು. ವಸಂತಕ್ಕೆ ಬರುವವರು ಬಹುಪಾಲು ಸುತ್ತಲಿನವರು, ಹೋಟೆಲ್ ಕೋಣೆ ಹಿಡಿಯುವುದಿಲ್ಲ, ಬಾಡಿಗೆಗೆ ಸ್ಕೀ ತೆಗೆದುಕೊಳ್ಳುವುದಿಲ್ಲ, ತರಬೇತುದಾರರನ್ನು ಗೊತ್ತುಮಾಡುವುದಿಲ್ಲ, ಬುತ್ತಿಯನ್ನೂ ಮನೆಯಿಂದಲೇ ತರುತ್ತಾರೆ. ಅವರನ್ನು ಮೇಲಕ್ಕೆ ಒಯ್ಯುವ ಪ್ರತಿ ದಿನವೂ ಬರೀ ಖರ್ಚು.

ಇಷ್ಟಕ್ಕೇ ನಿಲ್ಲಿಸಿದರೆ ಪಾಸು ಹಂಗಾಮನ್ನು ಮೊಟಕು ಮಾಡುತ್ತದೆ ಎಂದಾಯಿತು, ಹಲವರ ವಾದವೂ ಅದೇ. ನನಗೆ ಅದು ಪೂರ್ತಿ ಸರಿ ಕಾಣುವುದಿಲ್ಲ. ಮುಂದಿನ ವರ್ಷದ ಪಾಸುಗಳ ಮಾರಾಟ ಶುರುವಾಗುವುದು ಇದೇ ವಸಂತದಲ್ಲಿ. ‘ನಾವು ಮೇವರೆಗೂ ತೆರೆದಿರುತ್ತೇವೆ’ ಎನ್ನುವುದು ಆಗ ಒಳ್ಳೆಯ ಜಾಹೀರಾತು. ಆದ್ದರಿಂದ ದೊಡ್ಡ ಕಂಪನಿಗಳು ಹತ್ತು ಬೆಟ್ಟಗಳನ್ನು ಹೊತ್ತಿಗೆ ಸರಿಯಾಗಿ ಮುಚ್ಚಿ, ಒಂದೆರಡನ್ನು ಮಾತ್ರ ತಡವಾಗಿ ನಡೆಸುತ್ತವೆ. ವೇಲ್ ಕಂಪನಿ ಕೊಲೊರಾಡೊದಲ್ಲಿ ಬ್ರೆಕೆನ್‌ರಿಜ್ ಅನ್ನು ಹಾಗೆ ಆರಿಸಿಕೊಂಡಿದೆ. ಅದೇ ಕಂಪನಿಯ ಕೆನಡಾದ ವಿಸ್ಲರ್ ಬ್ಲ್ಯಾಕ್‌ಕೋಂಬ್‌ನ ಎರಡು ಬೆಟ್ಟಗಳಲ್ಲಿ ಮೇ ತಿಂಗಳಿಗೆ ಒಂದೇ ಉಳಿಯುತ್ತದೆ. ಪಾಸು ಇರುವವರಿಗೆ ಎಲ್ಲೋ ಒಂದು ಕಡೆ ಜಾಗ ಸಿಕ್ಕಿತಲ್ಲ, ಸಾಕು. ಪೆಟ್ಟು ಬಿದ್ದಿದ್ದು ತಮ್ಮೂರಿನ ಬೆಟ್ಟವನ್ನೇ ನಂಬಿದವರಿಗೆ.

ದುಡ್ಡಿದ್ದರೂ ಆಳು ಸಿಗಬೇಕಲ್ಲ. ಅಮೆರಿಕದ ರೆಸಾರ್ಟ್‌ಗಳಲ್ಲಿ ಲಿಫ್ಟಿನ ಬಳಿ ನಿಲ್ಲುವ, ಪಾತ್ರೆ ತೊಳೆಯುವ, ಕೋಣೆ ಗುಡಿಸುವ ಹುಡುಗ ಹುಡುಗಿಯರಲ್ಲಿ ಪೆರು, ಅರ್ಜೆಂಟೀನ, ಚಿಲಿಯ ವಿದ್ಯಾರ್ಥಿಗಳು ಬಹಳ. ದಕ್ಷಿಣ ಗೋಳದ ಬೇಸಿಗೆ ರಜೆಯಲ್ಲಿ, ಜೆ-1 ವೀಸಾದ ಮೇಲೆ, ಹೆಚ್ಚೆಂದರೆ ನಾಲ್ಕು ತಿಂಗಳು ಬಂದಿರುತ್ತಾರೆ. ಡಿಸೆಂಬರ್‌ನಲ್ಲಿ ಬಂದವರು ಮಾರ್ಚ್‌ನಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ವಿಮಾನ ಹತ್ತಲೇಬೇಕು. ಉಳಿದ ಹಂಗಾಮಿ ನೌಕರರ ಕರಾರು, ಬಾಡಿಗೆ ಮನೆಯ ಅವಧಿ, ಎಲ್ಲವೂ ಮೊದಲೇ ಸಾರಿದ ದಿನಾಂಕಕ್ಕೆ ಗಂಟು ಹಾಕಿದವು. ಪತ್ತನಾಜೆಯ ದಿನ ಬಂತೆಂದರೆ ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ವರ್ಷ ಮಳೆ ತಡವಾಗಿದ್ದರೂ, ಆಟಕ್ಕೆ ಜನ ಕೇಳುತ್ತಿದ್ದರೂ ಕಲಾವಿದರ ತಿರುಗಾಟ ಮುಗಿಯಿತು. ಬೆಟ್ಟದವರ ಪಾಡೂ ಹಾಗೆಯೇ. ಕೊಲೊರಾಡೊದ ಪ್ಯಾಟ್ರೋಲ್‌ನವರಲ್ಲಿ ಕೆಲವರು ಮೇ ತಿಂಗಳಿಗೆ ನದಿಯ ಮೇಲೆ ರಾಫ್ಟ್ ನಡೆಸುವ ಗೈಡುಗಳು. ಆಸ್ಟ್ರಿಯದ ಟಿರೋಲಿನಲ್ಲಿ ಲಿಫ್ಟಿನ ಆಪರೇಟರು ಮನೆಯಲ್ಲಿ ದನ ಕಟ್ಟಿದ ರೈತನೂ ಆಗಿರಬಹುದು. ಅಲ್ಲಿ ಇಳಿಜಾರಿನ ನೆಲವೇ ಎಷ್ಟೋ ಕಡೆ ರೈತರ ಹುಲ್ಲುಗಾವಲು, ಕಂಪನಿ ಅವರಿಗೆ ಬಾಡಿಗೆ ಕೊಟ್ಟು ಚಳಿಗಾಲಕ್ಕಷ್ಟೇ ಬಳಸುತ್ತದೆ.

ಆಳಿಲ್ಲದಿದ್ದರೆ ಹಿಮ ಎಷ್ಟಿದ್ದೂ ಉಪಯೋಗವಿಲ್ಲ ಎನ್ನುವುದನ್ನು ಯೂಟಾದ ಪಾರ್ಕ್ ಸಿಟಿ ನಡುಚಳಿಗಾಲದಲ್ಲೇ ತೋರಿಸಿತು. 2024ರ ಡಿಸೆಂಬರ್ 27ರಂದು ಅಲ್ಲಿನ ಸ್ಕೀ ಪ್ಯಾಟ್ರೋಲ್ ಸಂಘ ಮುಷ್ಕರ ಹೂಡಿತು. ಗಂಟೆಗೆ 21 ಡಾಲರ್ ಇದ್ದ ಆರಂಭದ ಕೂಲಿಯನ್ನು 23 ಮಾಡಿ ಎಂಬುದು ಮುಖ್ಯ ಬೇಡಿಕೆ. ಹೊಸ ವರ್ಷದ ರಜೆ, ಸುರಿಯುತ್ತಿದ್ದ ಹಿಮ, ತುಂಬಿದ ಹೋಟೆಲುಗಳು. ಆದರೆ ಬೆಟ್ಟದ ಬಹುಭಾಗ ತೆರೆಯಲೇ ಇಲ್ಲ. ಹಿಮಕುಸಿತದ ಅಪಾಯ ನೋಡಿ ‘ಹೋಗಬಹುದು’ ಎಂದು ಹೇಳುವವರೇ ರಸ್ತೆಬದಿಯಲ್ಲಿ ಫಲಕ ಹಿಡಿದು ನಿಂತಿದ್ದರು. ಜನವರಿ 8ರಂದು ಒಪ್ಪಂದವಾಯಿತು.

‘ಒಳ್ಳೆಯ ಹಿಮ’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ವಸಂತದ ಹಿಮ ಒಂದೇ ದಿನದಲ್ಲಿ ಮೂರು ಬಗೆ. ಬೆಳಿಗ್ಗೆ ಎಂಟಕ್ಕೆ ಗಾಜಿನಷ್ಟು ಗಡುಸು, ಸ್ಕೀಯ ಅಂಚು ಹಿಡಿಯದೆ ಜಾರುತ್ತದೆ. ಹತ್ತೂವರೆಯ ಬಿಸಿಲಿಗೆ ಮೇಲಿನ ಒಂದಿಂಚು ಸಡಿಲವಾಗಿ ದಪ್ಪ ಸಕ್ಕರೆಯ ಹದಕ್ಕೆ ಬರುತ್ತದೆ, ಆ ಒಂದೆರಡು ಗಂಟೆಯ ಸುಖಕ್ಕಾಗಿಯೇ ಏಪ್ರಿಲ್‌ಗೆ ಕಾಯುವ ಹಳಬರಿದ್ದಾರೆ. ಮಧ್ಯಾಹ್ನ ಒಂದರ ಮೇಲೆ ಗಂಜಿಯಂತಾಗಿ ಮೊಣಕಾಲು ತಿರುಚುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದು ಹಿಮ ಮತ್ತೆ ಹೆಪ್ಪುಗಟ್ಟಿದರೆ ಮಾತ್ರ ಮರುದಿನ ಈ ಆಟ ನಡೆಯುತ್ತದೆ. ಮೋಡ ಕವಿದು ಹೆಪ್ಪುಗಟ್ಟದೆ ಹೋದರೆ ಸ್ನೋಕ್ಯಾಟ್ ಓಡಿಸಿಯೂ ಪ್ರಯೋಜನವಿಲ್ಲ, ಮತ್ತು ನೀರು ಇಂಗಿದ ಹಿಮದ ಪದರ ತನ್ನ ಭಾರಕ್ಕೇ ಜಾರಬಹುದು. ಚಳಿಗಾಲದ ಒಣ ಹಿಮವನ್ನು ಸಿಡಿಮದ್ದು ಹಾಕಿ ಮೊದಲೇ ಕೆಡವಿಬಿಡಬಹುದು. ಒದ್ದೆ ಹಿಮ ಸಿಡಿಮದ್ದಿನ ಮಾತು ಅಷ್ಟಾಗಿ ಕೇಳುವುದಿಲ್ಲ. 2005ರ ಮೇ 20ರಂದು ಕೊಲೊರಾಡೊದ ಅರಾಪಹೋ ಬೇಸಿನ್‌ನ ಪಲ್ಲವಿಸಿನಿ ಇಳಿಜಾರಿನಲ್ಲಿ, ರೆಸಾರ್ಟಿನ ಗಡಿಯೊಳಗೇ, ಒದ್ದೆ ಹಿಮ ಕುಸಿದು ಒಬ್ಬರು ಸತ್ತರು. ಹಿಮದ ಆಳದ ಅಂಕಿ ನೋಡಿ ‘ಇನ್ನೂ ಹತ್ತು ಅಡಿ ಇದೆ’ ಎನ್ನುವವರಿಗೆ ಈ ಹತ್ತು ಅಡಿಯ ಒಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ.

ಲಿಫ್ಟುಗಳ ರಿಪೇರಿಗೂ ಕಾಲ ಬೇಕು. ಕುರ್ಚಿಯನ್ನು ಉಕ್ಕಿನ ಹಗ್ಗಕ್ಕೆ ಕಚ್ಚಿಸುವ ಹಿಡಿಕೆಗಳನ್ನು ಬಿಚ್ಚಿ, ತೊಳೆದು, ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಪರೀಕ್ಷಿಸಿ, ಮತ್ತೆ ಜೋಡಿಸಬೇಕು. ಕಂಬಗಳ ಮೇಲಿನ ಚಕ್ರಗಳ ರಬ್ಬರು ಬದಲಾಗಬೇಕು. ಹೊಸ ಲಿಫ್ಟ್ ಕಟ್ಟುವುದಿದ್ದರಂತೂ ಹಿಮ ಕರಗಿದ ದಿನದಿಂದ ಅಕ್ಟೋಬರ್‌ವರೆಗೆ ಸಿಗುವ ನಾಲ್ಕು ತಿಂಗಳಲ್ಲೇ ಅಡಿಪಾಯ ತೋಡಿ, ಹೆಲಿಕಾಪ್ಟರಿನಲ್ಲಿ ಕಂಬ ತಂದು ನಿಲ್ಲಿಸಬೇಕು. 2011ರ ಕಾನೂನು ಅರಣ್ಯದ ನೆಲದಲ್ಲಿ ಬೇಸಿಗೆಯ ಆಟಗಳಿಗೂ ಹಾದಿ ಮಾಡಿಕೊಟ್ಟ ಮೇಲೆ ಬೈಸಿಕಲ್ ದಾರಿ, ಜಿಪ್‌ಲೈನ್ ಎಂದು ಇನ್ನೊಂದು ಹಂಗಾಮು ಹುಟ್ಟಿಕೊಂಡಿದೆ, ಅದಕ್ಕೂ ತಯಾರಿ ಬೇಕು.

ಹಾಗಾದರೆ ಮುಚ್ಚದವರು ಹೇಗೆ ಮುಚ್ಚದೆ ಇರುತ್ತಾರೆ? ಕ್ಯಾಲಿಫೋರ್ನಿಯದ ಮ್ಯಾಮತ್ ಬೆಟ್ಟ 2023ರಲ್ಲಿ ಆಗಸ್ಟ್ 6ರವರೆಗೆ ನಡೆಯಿತು, ಪ್ಯಾಲಿಸೇಡ್ಸ್ ತಾಹೋ ಜುಲೈ 4ರವರೆಗೆ. ಅರಾಪಹೋ ಬೇಸಿನ್ ಸಾಮಾನ್ಯವಾಗಿ ಜೂನ್ ಮುಟ್ಟುತ್ತದೆ, 1995ರಲ್ಲಿ ಆಗಸ್ಟ್ 10ರವರೆಗೂ ಎಳೆದಿತ್ತು. ಮ್ಯಾಮತ್‌ನ ತುದಿ 11,000 ಅಡಿ, ಅರಾಪಹೋದ್ದು 13,000. ಎತ್ತರ ಮುಖ್ಯ ಹೌದು. ಆದರೆ ವರ್ಮಾಂಟಿನ ಕಿಲಿಂಗ್‌ಟನ್ ನೋಡಿದರೆ ಎತ್ತರವೊಂದೇ ಅಲ್ಲ ಎಂದು ತಿಳಿಯುತ್ತದೆ. ಅದು ತಗ್ಗಿನ ಬೆಟ್ಟ, ಮಳೆಯೂ ಹೆಚ್ಚು. ಅಲ್ಲಿನವರು ಚಳಿಗಾಲವಿಡೀ ಸೂಪರ್‌ಸ್ಟಾರ್ ಎಂಬ ಒಂದೇ ಇಳಿಜಾರಿನ ಮೇಲೆ ಯಂತ್ರದ ಹಿಮ ಗುಡ್ಡೆ ಹಾಕುತ್ತಾರೆ, ಸುತ್ತಲ ಕಾಡು ಹಸಿರಾದ ಮೇಲೂ ಆ ಒಂದು ಬಿಳಿ ಪಟ್ಟಿಯಲ್ಲಿ ಮೇ ಕೊನೆಯವರೆಗೆ, ಕೆಲವು ವರ್ಷ ಜೂನ್‌ವರೆಗೆ ಜನ ಜಾರುತ್ತಾರೆ. ಪೂರ್ವ ಅಮೆರಿಕದಲ್ಲಿ ಎಲ್ಲರಿಗಿಂತ ಕೊನೆಗೆ ಮುಚ್ಚುವವರು ಎಂಬ ಹೆಸರಿಗಾಗಿ ಅವರು ಕೊಡುವ ಬೆಲೆ ಅದು. ಆರೆಗನ್‌ನ ಟಿಂಬರ್‌ಲೈನ್‌ಗೆ ಮೌಂಟ್ ಹುಡ್‌ನ ಪಾಮರ್ ಹಿಮಕ್ಷೇತ್ರದಲ್ಲಿ ಬೇಸಿಗೆ ತರಬೇತಿ ಶಿಬಿರಗಳ ಹುಡುಗರೇ ಆಧಾರ. ಕೊನೆಗೆ ಉಳಿದವನಿಗೆ ಹತ್ತೂರಿನ ಗಿರಾಕಿ ಸಿಗುತ್ತಾನೆ. ಆದರೆ ಆ ಜಾಗ ಪ್ರಾಂತ್ಯಕ್ಕೆ ಒಂದೋ ಎರಡೋ. ಎಲ್ಲರೂ ತೆರೆದಿಟ್ಟರೆ ಯಾರಿಗೂ ಗಿಟ್ಟುವುದಿಲ್ಲ.

ಕೋವಿಡ್ ಬಂದ 2020 ಬೇರೆಯೇ ಲೆಕ್ಕ. ಮಾರ್ಚ್ 13ರಂದು ಆಸ್ಟ್ರಿಯ ಸರ್ಕಾರ ಇಶ್‌ಗಲ್ ಹಿಮತಾಣ ಇರುವ ಪಾಜ್ನೌನ್ ಕಣಿವೆಯನ್ನೇ ದಿಗ್ಬಂಧನಕ್ಕೆ ಒಳಪಡಿಸಿತು, ಮರುದಿನ ವೇಲ್ ಮತ್ತು ಆಲ್ಟೆರಾ ತಮ್ಮ ಉತ್ತರ ಅಮೆರಿಕದ ರೆಸಾರ್ಟ್‌ಗಳನ್ನೆಲ್ಲ ನಿಲ್ಲಿಸುವುದಾಗಿ ಸಾರಿದವು. ಹಿಮ ಚೆನ್ನಾಗಿಯೇ ಇತ್ತು. ಪಾಸಿನ ದುಡ್ಡು ಮೊದಲೇ ಕೊಟ್ಟವರು ಅದರ ಅರ್ಥವೇನೆಂದು ಕೇಳತೊಡಗಿದ್ದು ಆಗಲೇ. ಮುಂದಿನ ಹಂಗಾಮಿಗೆ ಕಂಪನಿಗಳು ರಿಯಾಯಿತಿ ಕೊಡಬೇಕಾಯಿತು.

ಭಾರತದಲ್ಲಿ ಈ ಪ್ರಶ್ನೆಯ ಆಕಾರವೇ ಬೇರೆ. ಉತ್ತರಾಖಂಡದ ಸ್ಕೀ ತಾಣ ಔಲಿಗೆ ಜೋಶಿಮಠದಿಂದ ಹೋಗುವ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇ 2023ರ ಜನವರಿಯಲ್ಲಿ, ಹಂಗಾಮಿನ ನಡುವೆಯೇ ನಿಂತಿತು. ಕಾರಣ ಮೇಲಿನ ಹಿಮವಲ್ಲ, ಕೆಳಗಿನ ಊರಿನ ನೆಲ ಕುಸಿಯುತ್ತಿದ್ದುದು. ಆ ಮೇಲೆ ಔಲಿಗೆ ಹೋಗುವವರು ರಸ್ತೆಯನ್ನೇ ನಂಬಬೇಕಾಯಿತು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 1998ರಲ್ಲಿ ಮೊದಲ ಹಂತ, 2005ರಲ್ಲಿ ಅಫರ್ವತ್ ಬೆಟ್ಟದ ಸುಮಾರು 13,000 ಅಡಿಯವರೆಗೆ ಎರಡನೇ ಹಂತ ತೆರೆದ ಗೊಂಡೊಲಾ ಇದೆ. ಸ್ಕೀಯಿಂಗ್‌ನ ಜನ ಮಾರ್ಚ್ ಮುಗಿಯುವ ಹೊತ್ತಿಗೆ ಚದುರುತ್ತಾರೆ, ಮೇಲೆ ಹಿಮ ಮಾತ್ರ ಇನ್ನೂ ವಾರಗಟ್ಟಲೆ ಉಳಿದಿರುತ್ತದೆ. ಅಮೆರಿಕದಲ್ಲಾದರೆ ಅಲ್ಲಿಗೆ ಬೀಗ. ಇಲ್ಲಿ ಗೊಂಡೊಲಾದ ದೊಡ್ಡ ಆದಾಯ ಸ್ಕೀಯಿಂಗ್‌ನಿಂದ ಬರುವುದೇ ಅಲ್ಲ, ಬಯಲುಸೀಮೆಯಿಂದ ಹಿಮ ನೋಡಲೆಂದೇ ಬರುವ ಕುಟುಂಬಗಳಿಂದ. ಮೇ ತಿಂಗಳ ಶಾಲಾ ರಜೆಯಲ್ಲಿ, ಬೆಂಗಳೂರು ಹುಬ್ಬಳ್ಳಿಗಳಿಂದ ಹೋದವರೂ ಸೇರಿ, ಎರಡನೇ ಹಂತದ ಟಿಕೆಟ್ಟಿಗೆ ನೂಕುನುಗ್ಗಲು. ಬಾಡಿಗೆಯ ಬೂಟು ಕೋಟು ಹಾಕಿಕೊಂಡು, ಹಿಮ ಮುಟ್ಟಿ, ಫೋಟೊ ತೆಗೆದು ಇಳಿಯುತ್ತಾರೆ. ಆದ್ದರಿಂದ ಗುಲ್ಮಾರ್ಗ್‌ನಲ್ಲಿ ಯಾವ ತಾರೀಖಿಗೆ ಮುಚ್ಚಬೇಕೆಂಬ ಜಗಳವಿಲ್ಲ. ಗೊಂಡೊಲಾವನ್ನು ನಿರ್ವಹಣೆಗೆಂದು ಕೆಲವು ದಿನ ನಿಲ್ಲಿಸುತ್ತಾರೆ, ಆ ದಿನಗಳನ್ನು ಆರಿಸುವಾಗ ನೋಡುವುದು ಪ್ರವಾಸಿಗರು ಕಡಿಮೆಯಿರುವ ವಾರ ಯಾವುದು ಎಂದು.